ದೊಡ್ಡ ಪಿಟೀಲಿಗೊಂದು ನಿಷ್ಪಕ್ಷಪಾತ ಪೆಟ್ಟಿಗೆ

ನಗರ ವಾದ್ಯವೃಂದದ ನಿಯಮದಂತೆ ಪೆಟ್ಟಿಗೆಯಿಲ್ಲದ ವಾದ್ಯವು ಪ್ರವಾಸಕ್ಕೆ ಹೊರಡತಕ್ಕದ್ದಲ್ಲ. ನಿಯಮ ಬಲು ಒಳ್ಳೆಯದೆಂದು ಎಲ್ಲರೂ ಒಪ್ಪಿದ್ದರು. ದೊಡ್ಡ ಪಿಟೀಲು ನುಡಿಸುವ ಪಿಟೀಲಮ್ಮನೂ ಒಪ್ಪಿದ್ದಳು, ಅವಳ ಪೆಟ್ಟಿಗೆಯ ತಳ ಕಿತ್ತುಹೋಗುವವರೆಗೆ.

ದೊಡ್ಡ ಪಿಟೀಲನ್ನು ಹೆಗಲ ಮೇಲಿಟ್ಟು ನುಡಿಸಲಾಗುವುದಿಲ್ಲ. ಕುರ್ಚಿಯಲ್ಲಿ ಕೂತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ತಬ್ಬಿಕೊಂಡೇ ಕುದುರೆಕೂದಲಿನ ಕಮಾನು ಎಳೆದು ನುಡಿಸಬೇಕು. ಅವಳ ಪಿಟೀಲು ಸೋದರಮಾವನಿಂದ ಬಂದದ್ದು. "ಮಳೆಗೆ ಬಿಡಬೇಡ, ಬಿಸಿಲಿಗೆ ಬಿಡಬೇಡ, ನಿನ್ನ ಗಂಡನ ಕೈಗಂತೂ ಬಿಡಲೇಬೇಡ" ಎಂದು ಹೇಳಿ ಆತ ಕಣ್ಣು ಮುಚ್ಚಿದ್ದ. ಹೋದ ಸಲದ ಪ್ರವಾಸದಲ್ಲಿ ಪೆಟ್ಟಿಗೆಯ ತಳ ಬಿಟ್ಟು ಪಿಟೀಲು ನೆಲಕ್ಕೆ ಬಿತ್ತು. ಪಕ್ಕದ ಹಲಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ರಿಪೇರಿಯವನು ಅಂಟು ಹಾಕಿ, "ಇನ್ನೊಂದು ಏಟು ಬಿದ್ರೆ ಇದು ಸೌದೇನೇ ಅಮ್ಮಾ" ಅಂದ. ಅವತ್ತಿನಿಂದ ಅವಳಿಗೆ ಊಟ ರುಚಿಸಲಿಲ್ಲ. ಮುಂದಿನ ಪ್ರವಾಸ ಬೇರೆ ಹತ್ತಿರ ಬರುತ್ತಿತ್ತು. ಅಳತೆಗೆ ತಕ್ಕ ಹೊಸ ಪೆಟ್ಟಿಗೆ ಬೇಕೆಂದು ಅಧ್ಯಕ್ಷರನ್ನು ಕೇಳಿಕೊಂಡಳು.

ಅಧ್ಯಕ್ಷರು ಹಿಂದೆ ನೀರು ಸರಬರಾಜಿನಲ್ಲಿದ್ದವರು. ಸಂಗೀತದ ಬಗ್ಗೆ ಅವರಿಗೆ ಯಾವ ಪೂರ್ವಗ್ರಹವೂ ಇರಲಿಲ್ಲ. ತಕ್ಷಣ ಆಯ್ಕೆ ಸಮಿತಿ ರಚಿಸಿದರು. ತಂತಿವಾದ್ಯದವರಿಗೆ ಪೆಟ್ಟಿಗೆಯಲ್ಲಿ ಸ್ವಹಿತಾಸಕ್ತಿ ಇರುತ್ತದೆಂದು ಅವರನ್ನು ದೂರವಿಟ್ಟು, ನಗಾರಿಯವನನ್ನೂ ಕಹಳೆಯವನನ್ನೂ ಸೇರಿಸಿಕೊಂಡರು. ಮರುದಿನವೇ ಗೋಡೆಗೆ ಪ್ರಕಟಣೆ ಬಿತ್ತು:

"ವಾದ್ಯವನ್ನು ಕಂಡವರಿಗೆ ಕಾಣದವರ ಮೇಲೆ ಅನ್ಯಾಯದ ಮೇಲುಗೈ ದೊರೆಯುವ ಸಂಭವವಿರುವುದರಿಂದ, ಪೆಟ್ಟಿಗೆ ತಯಾರಕರು ಸದರಿ ವಾದ್ಯವನ್ನು ನೋಡಿರತಕ್ಕದ್ದಲ್ಲ, ಮುಟ್ಟಿರತಕ್ಕದ್ದಲ್ಲ, ಅದರ ಅಳತೆಯನ್ನು ಕೇಳತಕ್ಕದ್ದಲ್ಲ. ಎಲ್ಲರಿಗೂ ಸಮಾನ ಅಜ್ಞಾನವನ್ನು ಉಚಿತವಾಗಿ ಒದಗಿಸಲಾಗುವುದು. ಅಧ್ಯಕ್ಷರ ಭಾವಮೈದನಾಗಿರುವುದು ಅನರ್ಹತೆಯಲ್ಲ."

ಕೊನೆಯ ಸಾಲು ಬೇರೆ ಶಾಯಿಯಲ್ಲಿತ್ತು.

ಪಿಟೀಲಮ್ಮ ಓಡಿಬಂದಳು. "ಸಾರ್, ಅಳತೆ ಹೇಳ್ದೆ ಅಳತೆಗೆ ತಕ್ಕ ಪೆಟ್ಟಿಗೆ ಹೇಗೆ ಮಾಡ್ತಾರೆ?"

"ನಾವೇ ಎಲ್ಲಾ ಹೇಳಿಬಿಟ್ರೆ ಅವರ ಕಲ್ಪನಾಶಕ್ತಿ ಏನಾಗ್ಬೇಕಮ್ಮ?"

"ಉದ್ದ ಒಂದಾದ್ರೂ ಹೇಳಿ..."

"ಉದ್ದ ಹೇಳಿದ್ರೆ ಅಗಲ ಕೇಳ್ತಾರೆ. ಅಷ್ಟು ಸಲುಗೆ ಕೊಡಬಾರದು."

ಪರೀಕ್ಷೆಯ ದಿನ ಸಭಾಂಗಣದಲ್ಲಿ ಮೂರು ಮಾದರಿಗಳು ಬಂದು ಕೂತವು. ಮೊದಲನೆಯದು ಒಬ್ಬ ದರ್ಜಿಯದು. 'ದೊಡ್ಡದು, ತಬ್ಬಿಕೊಳ್ಳುವಂಥದ್ದು, ಕೂದಲು ತಾಗಿದರೆ ಕೂಗುತ್ತದೆ' ಎಂದು ಯಾರೋ ಹೇಳಿದ್ದನ್ನು ನಂಬಿ, ಆತ ನಾಲ್ಕು ಕಾಲಿಗೆ ತೂತು ಬಿಟ್ಟು, ಬಾಲಕ್ಕೂ ಜಾಗ ಬಿಟ್ಟು, ಬೆಚ್ಚನೆಯ ಒಂದು ಕವಚ ಹೊಲಿದಿದ್ದ. ಸಮಿತಿ ಅದರ ಹೊಲಿಗೆಯನ್ನು ಮೆಚ್ಚಿಕೊಂಡಿತು.

ಎರಡನೆಯದು ಟ್ರಂಕಿನ ಅಂಗಡಿಯವನದು. ಪಿಟೀಲಮ್ಮ ಅದರೊಳಗೆ ಪಿಟೀಲನ್ನು ಮಲಗಿಸಿದಳು. ತೊಟ್ಟಿಲಲ್ಲಿ ಕೂಸು ಮಲಗಿದ ಹಾಗೆ ಅದು ಮಲಗಿತು. ಮುಚ್ಚಳ ಸದ್ದಿಲ್ಲದೆ ಕೂತಿತು. ಅವಳ ಕಣ್ಣು ತುಂಬಿಬಂತು.

ಸಭಾಂಗಣಕ್ಕೆ ಗರಬಡಿದಂತಾಯಿತು. "ಸರಿಯಾಗಿ ಕೂತಿದೆ!" ಎಂದು ನಗಾರಿಯವನು ಕಿರುಚಿದ.

"ನೋಡದೆ ಇಷ್ಟು ಸರಿಯಾಗಿ ಹೇಗೆ ಮಾಡಿದಿರಿ?" ಅಧ್ಯಕ್ಷರು ಎದ್ದು ನಿಂತರು.

"ದೇವರಾಣೆಗೂ ಅಂದಾಜು ಸಾರ್! ಮಾತಾಡ್ತಾ ಮಾತಾಡ್ತಾ ಕೊಯ್ದೆ. ನಂಗೇ ಗಾಬರಿಯಾಗಿದೆ!"

ಅವನನ್ನು ಯಾರೂ ನಂಬಲಿಲ್ಲ. ಅನುಮಾನಕ್ಕೆ ಎಡೆಯಾಗುವಷ್ಟು ಸರಿಯಾಗಿದೆ ಎಂಬ ಕಾರಣಕ್ಕೆ ಅವನನ್ನು ಅನರ್ಹಗೊಳಿಸಿ, ಪೆಟ್ಟಿಗೆಯನ್ನು ಸಾಕ್ಷ್ಯವೆಂದು ಮುಟ್ಟುಗೋಲು ಹಾಕಿಕೊಂಡರು. ಅದು ಈಗಲೂ ಕಚೇರಿಯಲ್ಲಿದೆ, ಛತ್ರಿಗಳನ್ನು ಇಡಲು ಬಳಸುತ್ತಾರೆ.

ಮೂರನೆಯದು ಭಾವಮೈದನದು. ಅವನು ಮೊದಲಿನಿಂದಲೂ ನಾಯಿಗೂಡು ಮಾಡುವವನು. ಪೆಟ್ಟಿಗೆ ಹೊರಗಿನಿಂದ ನೋಡಿದರೆ ನಾಯಿಗೂಡಿನಂತೆ ಕಾಣುತ್ತಿತ್ತು, ಒಳಗಿನಿಂದ ನೋಡಿದರೂ ಹಾಗೇ ಕಾಣುತ್ತಿತ್ತು. ಇಳಿಜಾರು ಚಾವಣಿ, ಕಮಾನಿನ ಬಾಗಿಲು, ಗಾಳಿಗೊಂದು ಕಿಟಕಿ. ಪಿಟೀಲನ್ನು ಉದ್ದಕ್ಕೆ ತಳ್ಳಿದರು, ಅಡ್ಡಕ್ಕೆ ತಳ್ಳಿದರು, ಯಾವ ಕಡೆಯಿಂದಲೂ ತೂರಲಿಲ್ಲ.

"ಒಳಗಿಡೋದು ವಾದ್ಯ ಅಂತಾನೇ ನಂಗೆ ಗೊತ್ತಿರ್ಲಿಲ್ಲ ಭಾವ" ಅಂದ ಭಾವಮೈದ.

ಅಧ್ಯಕ್ಷರು ಅವನ ಬೆನ್ನು ತಟ್ಟಿದರು. ಇಷ್ಟು ಶುದ್ಧವಾದ ನಿಷ್ಪಕ್ಷಪಾತವನ್ನು ತಾವು ನೀರು ಸರಬರಾಜಿನಲ್ಲೂ ಕಂಡಿಲ್ಲ ಎಂದರು. ಭಾವಮೈದ ಸರ್ವಾನುಮತದಿಂದ ಆಯ್ಕೆಯಾದ. ಅವನ ಬಿಲ್ಲು ಮಾತ್ರ ಮಂಜೂರಾದ ಮೊತ್ತಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡಿತು.

ಪ್ರವಾಸದ ಬೆಳಗ್ಗೆ ಒಂದು ತೊಡಕು ಎದುರಾಯಿತು. ಸಂಸ್ಥೆ ಕೊಂಡ ಪೆಟ್ಟಿಗೆ ಖಾಲಿಯಾಗಿ ಲಾರಿ ಹತ್ತುವಂತಿಲ್ಲ. ಪಿಟೀಲು ಒಳಗೆ ಹೋಗುವುದಿಲ್ಲ. ಅಧ್ಯಕ್ಷರು ಪೆಟ್ಟಿಗೆಯ ಕಿಟಕಿಯನ್ನು ನೋಡಿದರು, ಪಿಟೀಲಮ್ಮನನ್ನು ನೋಡಿದರು.

"ಅಮ್ಮಾ, ಪಿಟೀಲು ಮಡಚ್ಕೊಳ್ಳಲ್ಲ. ನೀವು ಮಡಚ್ಕೋತೀರಲ್ಲ?"

"ನಾನು ಇದರಲ್ಲಿ ಹೋದ್ರೆ ನನ್ನ ಪಿಟೀಲು?"

"ಬಸ್ಸಲ್ಲಿ ನಿಮ್ಮ ಸೀಟು ಖಾಲಿ ಆಗುತ್ತಲ್ಲಮ್ಮ, ಟಿಕೆಟ್ ತೆಗೆದಾಗಿದೆ. ಮೆತ್ತನೆ ಸೀಟು, ಕಿಟಕಿ ಪಕ್ಕ. ಪೆಟ್ಟಿಗೆಯಂತೂ ಅದಕ್ಕಿದೆ, ನಿಯಮಕ್ಕೆ ಅಡ್ಡಿಯಿಲ್ಲ."

ಪಿಟೀಲಮ್ಮ ಸೆರಗು ಸಿಕ್ಕಿಸಿಕೊಂಡು ಪೆಟ್ಟಿಗೆಯ ಬಾಗಿಲಲ್ಲಿ ತೂರಿದಳು.

ದಾರಿ ಬಹಳ ಕೆಟ್ಟದಾಗಿತ್ತು. ಲಾರಿ ಗುಂಡಿಗೆ ಇಳಿದಾಗ ಅವಳ ತಲೆ ಚಾವಣಿಗೆ ಬಡಿಯಿತು, ಗುಂಡಿಯಿಂದ ಎದ್ದಾಗ ಹಲಗೆಗೆ ಬಡಿಯಿತು. ತಿರುವಿನಲ್ಲಿ ನಗಾರಿಗಳು ಉರುಳಿಬಂದು ಗೂಡಿಗೆ ಗುದ್ದಿ ಧಡಾರನೆ ಮೊಳಗಿದವು. ಒಂದೊಂದು ಏಟಿಗೂ ಅವಳು, "ಇದು ಅದಕ್ಕೆ ಬೀಳ್ಲಿಲ್ಲವಲ್ಲ!" ಅಂದುಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಅವಳಿಗೆ ಖುಷಿ ತಡೆಯಲಾಗಲಿಲ್ಲ, ಗೂಡಿನೊಳಗೇ ಬಿದ್ದು ಬಿದ್ದು ನಕ್ಕಳು. ಮುಂದೆ ಹೋಗುತ್ತಿದ್ದ ಬಸ್ಸಿನ ಕಿಟಕಿಯಲ್ಲಿ, ಬೆಲ್ಟು ಕಟ್ಟಿಕೊಂಡು, ಅಧ್ಯಕ್ಷರ ಶಾಲು ಹೊದ್ದು, ಸೋದರಮಾವನ ಪಿಟೀಲು ಗಂಭೀರವಾಗಿ ಕೂತಿತ್ತು.

ಅಂದು ಸಂಜೆ ಅವಳು ಹಣೆಯ ಮೇಲೆ ಬುಗುಟೆ ಹೊತ್ತು ನುಡಿಸಿದಳು. ಪಿಟೀಲಿನ ಒಂದು ತಂತಿಯ ಶ್ರುತಿಯೂ ಜಾರಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಊರಿಗೆ ಮರಳಿದ ಮರುದಿನ ತಂತಿವಾದ್ಯದವರೆಲ್ಲ ತಮಗೂ ಇಂಥದ್ದೇ ಪೆಟ್ಟಿಗೆ ಬೇಕೆಂದು ಸಾಲು ನಿಂತರು. ಭಾವಮೈದ ಹೊಸ ಕಾರ್ಖಾನೆಗೆ ಜಾಗ ನೋಡತೊಡಗಿದ.

"ನಿಮ್ದೇನಾದ್ರೂ ದೂರು ಇದೆಯೇನಮ್ಮ?" ಎಂದು ಅಧ್ಯಕ್ಷರು ವಿಚಾರಿಸಿದರು.

"ಏನೂ ಇಲ್ಲ ಸಾರ್. ತಲೆಗೊಂದು ದಿಂಬು ಸಿಕ್ಕಿದ್ರೆ..."

ಸಂಜೆಯೊಳಗೆ ಪ್ರಕಟಣೆ ಬಿತ್ತು: ದಿಂಬು ತಯಾರಕರು ಸದರಿಯವರ ತಲೆಯನ್ನು ನೋಡಿರತಕ್ಕದ್ದಲ್ಲ.

ಮರುದಿನ ಮಾರ್ಕೆಟ್ಟಿಗೆ ಹೊರಟ ಪಿಟೀಲಮ್ಮ ತಲೆಗೆ ಬಿಗಿಯಾಗಿ ಶಾಲು ಸುತ್ತಿಕೊಂಡಳು.

"ಯಾಕೆ, ಚಳೀನಾ?" ಅಂದ ಗಂಡ.

"ಇಲ್ಲ. ದಾರೀಲಿ ಯಾರಾದ್ರೂ ದಿಂಬಿನೋರು ನೋಡಿಬಿಟ್ರೆ, ಪಾಪ, ಅನರ್ಹರಾಗ್ಬಿಡ್ತಾರೆ."

ಗಂಡ ಅವಳ ಸುತ್ತ ಒಂದು ಸುತ್ತು ಬಂದು ಪರೀಕ್ಷಿಸಿದ. "ಕಿವಿ ಕಾಣ್ತಿದೆ" ಎಂದು ಶಾಲನ್ನು ಇನ್ನಷ್ಟು ಕೆಳಗೆಳೆದ.