ಬೆನ್ನಿನ ಜೋಮು ಮತ್ತು ಮಡಿ ಬೆಲ್ಟು

ನಮ್ಮ ಮೈಯಲ್ಲಿ ನಾವು ಒಮ್ಮೆಯೂ ನೇರವಾಗಿ ನೋಡದೆ, ಬರೀ ಬೇರೆಯವರ ಮಾತು ನಂಬಿಕೊಂಡು ಬದುಕುವ ಭಾಗವೆಂದರೆ ಬೆನ್ನು. ಅಲ್ಲೊಂದು ಗುಳ್ಳೆ ಎದ್ದಿದೆ ಎಂದು ಹೆಂಡತಿ ಹೇಳಿದರೆ ಎದ್ದಿದೆ, ಇಲ್ಲವೆಂದರೆ ಇಲ್ಲ. ನನ್ನ ಬೆನ್ನನ್ನಂತೂ ಹೊಸಪೇಟೆಯ ಸರ್ಕಾರಿ ಕಚೇರಿಯೊಂದರ ಕುರ್ಚಿಗೆ ಎಷ್ಟೋ ವರ್ಷಗಳಿಂದ ಒರಗಿಸಿಟ್ಟಿದ್ದೆ. ಅದೂ ತಕರಾರಿಲ್ಲದೆ ಒರಗಿಕೊಂಡಿತ್ತು. ಇಂಥ ಸಾಧು ಬೆನ್ನನ್ನು ಐವತ್ತು ದಾಟಿದ ಮೇಲೆ ಎಬ್ಬಿಸಿ ಗುಡ್ಡ ಹತ್ತಿಸಲು ಹೊರಟದ್ದು ಬೆನ್ನಿನ ತಪ್ಪಲ್ಲ, ನನ್ನ ಬಾಯಿಯ ತಪ್ಪು.

ನಮ್ಮ ಕಚೇರಿಯ ಬಸವರಾಜ ಕಂಪ್ಲಿ ಕಡೆಯ ಮೆಟ್ರಿಯವನು. ಮಳೆಗಾಲ ಮುಗಿಯುತ್ತಿದ್ದಂತೆ ನಾಲ್ಕಾರು ಜನರನ್ನು ಕಟ್ಟಿಕೊಂಡು ಸಂಡೂರಿನ ಗುಡ್ಡಗಳಲ್ಲಿ ಎರಡು ದಿನ ನಡೆದು ಬರುವ ಹುಚ್ಚು ಅವನಿಗೆ. ಊಟದ ಹೊತ್ತಿನಲ್ಲಿ ಅವನು ಆ ಹಸಿರು, ಆ ಕೆಂಪು ಮಣ್ಣು, ಆ ಗಾಳಿ ಎಂದೆಲ್ಲ ವರ್ಣಿಸುತ್ತಿದ್ದಾಗ ನಾನು ಸುಮ್ಮನೆ ಮೊಸರನ್ನ ಉಣ್ಣಬಹುದಾಗಿತ್ತು. ಉಣ್ಣದೆ, "ನಡೆಯೋದರಲ್ಲಿ ಏನು ಮಹಾ ಇದೆ?" ಎಂದುಬಿಟ್ಟೆ. ಅವನು ಥಟ್ಟನೆ, "ಹಂಗಾದ್ರ ಈ ಸಲ ನೀವೂ ಬರ್ರಿ ಗುರುರಾಜ ಸರ್. ಒಂದೇ ಮಾತು, ಅವರವ್ರ ಚೀಲ ಅವರವ್ರೇ ಹೊರ್ಬೇಕು" ಎಂದ. ಇಡೀ ಕಚೇರಿ ಕೈತುತ್ತು ನಿಲ್ಲಿಸಿ ನನ್ನ ಮುಖ ನೋಡಿತು. ಒಪ್ಪಿಕೊಂಡೆ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಸುಧಾ ಬಿದ್ದು ಬಿದ್ದು ನಕ್ಕಳು. "ಬಜಾರದಿಂದ ಎರಡು ಕಿಲೊ ಉಳ್ಳಾಗಡ್ಡಿ ತರ್ಲಿಕ್ಕೆ ಆಟೊ ಮಾಡೋರು ನೀವು!" ಅಲ್ಲಿಗೆ ಕಚೇರಿಯ ಮಾನ, ಮನೆಯ ಮಾನ ಎರಡೂ ಆ ಚೀಲದಲ್ಲಿ ಸೇರಿದವು. ನಾನು ಅದನ್ನು ಹೊತ್ತು ಗುಡ್ಡ ಹತ್ತಲೇಬೇಕಾಯಿತು.

ಚೀಲವನ್ನು ಆನ್‌ಲೈನಿನಲ್ಲಿ ತರಿಸಿದೆ. ನೀಲಿ ಬಣ್ಣದ, ಒಂದು ಸಣ್ಣ ಮಗುವನ್ನು ಕೂರಿಸಬಹುದಾದಷ್ಟು ದೊಡ್ಡ ಚೀಲ. ಅದರೊಂದಿಗೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಅಂಗೈ ಅಗಲದ, ಒಳಗೆ ಸ್ಪಂಜು ತುಂಬಿದ, ಮುಂದೆ ಟಕ್ಕೆಂದು ಹಾಕಿಕೊಳ್ಳುವ ಒಂದು ಬೆಲ್ಟು ಬಂದಿತ್ತು. ಚೀಲ ಹೊತ್ತವರ ಸೊಂಟ ಹೇಗೂ ಹಿಡಿದುಕೊಳ್ಳುತ್ತದೆ ಎಂದು ಮೊದಲೇ ಊಹಿಸಿ ಔಷಧವನ್ನೂ ಜೊತೆಗೇ ಪುಕ್ಕಟೆ ಕಳಿಸಿದ್ದಾರಲ್ಲ ಎಂದು ಆ ಕಂಪನಿಯವರ ದೂರದೃಷ್ಟಿಯನ್ನು ಮೆಚ್ಚಿಕೊಂಡೆ. ನನ್ನ ಸೊಂಟ ಗಟ್ಟಿಯಾಗಿತ್ತು. ಸೊಂಟ ನೋವು ಇದ್ದದ್ದು ನಮ್ಮ ಅಮ್ಮನಿಗೆ. ಬೆಳಗ್ಗೆ ಮಡಿಯುಟ್ಟು ದೇವರ ಮನೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂತರೆ ಏಳುವಾಗ ಆಕೆಗೆ ಗೋಡೆಯೂ ಬೇಕು, ಹರಿವಾಯುಗಳ ಹೆಸರೂ ಬೇಕು. ಬೆಲ್ಟನ್ನು ಅಮ್ಮನಿಗೆ ಕೊಟ್ಟೆ. ಮರುದಿನ ಆಕೆ ಯಾರ ಹೆಸರೂ ಹೇಳದೆ ಎದ್ದು ನಿಂತಳು. "ಭಾಳ ಛಲೋ ಅದನೋ ಗುರೂ! ಸೊಂಟ ಯಾರೋ ಹಿಡ್ಕೊಂಡು ಕುಂತಂಗ ಆಗ್ತದ" ಎಂದು ಓಣಿಯ ತುಂಬ ನನ್ನ ಮಾತೃಭಕ್ತಿಯ ಸುದ್ದಿ ಹಬ್ಬಿಸಿದಳು. ಮಗ ಸರಿಯಾಗಿ ದೇವರ ಪೂಜೆ ಮಾಡುವುದಿಲ್ಲ, ಎರಡು ಹೂ ಎಸೆದು ಆಫೀಸಿಗೆ ಓಡುತ್ತಾನೆ ಎಂಬ ಆಕೆಯ ದಿನನಿತ್ಯದ ದೂರು ಕೂಡ ಆ ವಾರ ನಿಂತಿತ್ತು.

ಇತ್ತ ನನ್ನ ಅಭ್ಯಾಸ ಶುರುವಾಯಿತು. ಬಸವರಾಜ ತಂದುಕೊಟ್ಟ ಮೆಟ್ರಿಯ ಅಕ್ಕಿಯನ್ನೇ ಚೀಲಕ್ಕೆ ತುಂಬಿಕೊಂಡು ದಿನಾ ಬೆಳಗ್ಗೆ ಕಾಲುವೆ ದಂಡೆಯ ಮೇಲೆ ನಡೆದೆ. ಸುಧಾ ಇದನ್ನು ನೋಡಿ, "ಹೆಂಗೂ ಹೊರ್ತೀರಿ, ಅಕ್ಕಿ ಇಲ್ಲೇ ಇಳಿಸಿ ಹೋಗ್ರಿ, ಬರೋವಾಗ ಬೆಲ್ಲ, ತೊಗರಿಬೇಳೆ, ಎರಡು ತೆಂಗಿನಕಾಯಿ ತೊಗೊಂಡು ಬರ್ರಿ" ಎಂದಳು. ಸಂಡೂರಿನ ಗುಡ್ಡಕ್ಕೆಂದು ಕೊಂಡ ಚೀಲ ಮನೆಯ ಸಂತೆ ಚೀಲವಾಯಿತು. ಅದಕ್ಕೂ ನಾನು ಬೇಸರಿಸಲಿಲ್ಲ. ಆದರೆ ಒಂದು ದಿನ ಚೀಲ ಇಳಿಸಿದ ಮೇಲೆ ಎಡ ಹೆಗಲಿನ ರೆಕ್ಕೆ ಮೂಳೆಯ ಕೆಳಗೆ ಅಂಗೈಯಷ್ಟು ಜಾಗ ನನ್ನದಲ್ಲ ಅನ್ನಿಸತೊಡಗಿತು. ಮುಟ್ಟಿದರೆ ಬೇರೆ ಯಾರದೋ ಬೆನ್ನು ಮುಟ್ಟಿದ ಹಾಗೆ. ಜೋಮು ಹಿಡಿದಿತ್ತು.

"ಚಿವುಟ್ತೀನಿ, ಗೊತ್ತಾದ್ರ ಹೇಳ್ರಿ" ಎಂದು ಸುಧಾ ಪರೀಕ್ಷೆಗೆ ನಿಂತಳು. ಗೊತ್ತಾಗಲಿಲ್ಲ ಎಂದೆ. "ಈಗ?" ಇಲ್ಲ. "ಈಗ?" ಇಲ್ಲ. ಅವಳ ದನಿಯಲ್ಲಿ ಒಂದು ಉತ್ಸಾಹ ಏರುತ್ತ ಹೋಯಿತು. ಮದುವೆಯಾದಂದಿನಿಂದ ಉಳಿದುಕೊಂಡಿದ್ದ ಬಾಕಿಯನ್ನೆಲ್ಲ ಅವಳು ಅಂದೇ ತೀರಿಸಿಕೊಂಡಳೆಂದು ನನ್ನ ಅನುಮಾನ. ಮರುದಿನ ಸ್ನಾನ ಮಾಡುವಾಗ ಜೋಮು ಇಳಿದು ಆ ಜಾಗಕ್ಕೆ ಸ್ಪರ್ಶ ಮರಳಿತು, ಚಿವುಟಿದ್ದೆಲ್ಲ ಒಟ್ಟಿಗೇ ಗೊತ್ತಾಯಿತು. ಅಮ್ಮ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿದಳು. ಆದರೂ ಚೀಲ ಏರಿಸಿದರೆ ಸಾಕು, ಜೋಮು ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಬೆನ್ನಿನ ಹೆದರಿಕೆಗಿಂತ ಕಚೇರಿಯ ಊಟದ ಹೊತ್ತಿನ ಹೆದರಿಕೆ ದೊಡ್ಡದು.

ಗುಡ್ಡಕ್ಕೆ ಹೋಗುವ ಹಿಂದಿನ ಭಾನುವಾರ ಬಸವರಾಜ, "ಒಂದು ಸಲ ಹಂಪಿಯಾಗ ಮಾತಂಗ ಗುಡ್ಡ ಹತ್ತಿ ನೋಡೋಣ ಬರ್ರಿ" ಎಂದು ಕರೆದ. ದಾರಿಯ ಕಡ್ಡಿರಾಂಪುರದಲ್ಲಿ ಚಹಾ ಕುಡಿಯುವವರೆಗೆ ನಾನು ವೀರನಾಗಿಯೇ ಇದ್ದೆ. ಗುಡ್ಡದ ಅರ್ಧದಲ್ಲಿ ಹೆಗಲು ಕಿತ್ತುಬಂದು, ಬೆನ್ನು ಮಾಯವಾಗಿ, ಬಂಡೆಯ ಮೇಲೆ ಕುಸಿದು ಕೂತೆ. ಬಸವರಾಜ ನನ್ನ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಸರ್, ಇದರ ಸೊಂಟದ ಬೆಲ್ಟ್ ಎಲ್ಲೈತ್ರಿ? ಭಾರ ಎಲ್ಲಾ ಸೊಂಟದ ಮ್ಯಾಲೆ ಕುಂದ್ರಬೇಕು. ನೀವು ಎಲ್ಲಾ ಹೆಗಲಿಗೇ ಹಾಕ್ಕೊಂಡೀರಿ, ಜೋಮು ಹಿಡೀದೆ ಏನಾಗ್ತದ?"

"ಬೆಲ್ಟು ನಮ್ಮ ತಾಯಿ ಸೊಂಟದಲ್ಲಿದೆ" ಎಂದೆ.

ಅವನು ನಕ್ಕ ನಗುವಿಗೆ ಮೇಲಿನ ಬಂಡೆಯ ಮಂಗಗಳು ಜಾಗ ಬಿಟ್ಟು ಓಡಿದವು.

ಮನೆಗೆ ಬಂದಾಗ ಬೆಲ್ಟು ಒಳಮನೆಯ ಬಿದಿರು ಗಳದ ಮೇಲೆ, ಅಮ್ಮನ ಮಡಿಸೀರೆಯ ಪಕ್ಕದಲ್ಲಿ ಒಣಗುತ್ತಿತ್ತು. ಕೈ ಚಾಚಿದೆ. "ಮುಟ್ಟಬ್ಯಾಡ! ಮಡೀದು!" ಎಂದು ಅಮ್ಮ ಕೂಗಿದಳು. ಸ್ಪಂಜಿನ ಬೆಲ್ಟಿಗೆ ಎಂಥ ಮಡಿ ಎಂದೆ. "ನೈಲಾನ್ ಸೀರಿ ಮಡಿಗೆ ನಡೀತದ ಅಂದ್ರ ಇದಕ್ಕೇನಾಗ್ಯದ? ದಿನಾ ನೀರಾಗ ಅದ್ದಿ ಒಣಗಿಸ್ತೀನಿ" ಎಂದಳು. ಬೆಲ್ಟಿನ ನಿಜವಾದ ಕೆಲಸವನ್ನು ವಿವರಿಸಿದೆ. ಅಮ್ಮನ ಮುಖ ಸಣ್ಣದಾಯಿತು. "ನಿಂದೇ ವಸ್ತು, ಒಯ್ಯಪ್ಪ. ಆದ್ರ ಬಸ್ಸು, ಹೋಟೆಲ್ಲು, ಕಂಡಕಂಡೋರ ಬೆವರು ಎಲ್ಲಾ ತಾಗಿ ಬಂದದ್ದನ್ನ ನಾ ಮತ್ತ ದೇವರ ಮುಂದ ಕಟ್ಟಿಕೊಳ್ಳೂದಿಲ್ಲ. ನನಗ ಗೋಡಿ ಅದ, ಹಿಡಕೊಂಡು ಏಳ್ತೀನಿ." ಹೀಗೆ ಹೇಳಿದ ಮೇಲೆ ಯಾವ ಮಗ ಒಯ್ದಾನು? ನನ್ನಿಂದಾಗಲಿಲ್ಲ. ಮಾನ ಹೋದರೆ ಹೋಗಲಿ, ನನಗೆ ಜ್ವರ ಎಂದು ಬಸವರಾಜನಿಗೆ ಹೇಳಿದರಾಯಿತು ಎಂದು ಚೀಲವನ್ನು ಮಂಚದ ಕೆಳಗೆ ನೂಕಿದೆ.

ಅಮ್ಮ ಅದನ್ನು ಮತ್ತೆ ಹೊರಗೆ ತೆಗೆಸಿದಳು. ಆಮೇಲೆ ಅಪ್ಪನ ಹಳೆಯ ಪಂಚೆಯೊಂದನ್ನು ಟ್ರಂಕಿನಿಂದ ತೆಗೆದು ಅಗಲ ಪಟ್ಟಿಯ ಹಾಗೆ ಮಡಿಚಿದಳು. "ಸಮಾರಾಧನಿಯೊಳಗ ನಿಮ್ಮಪ್ಪ ಇದನ್ನ ಸೊಂಟಕ್ಕ ಬಿಗದು ಸಾರಿನ ಕೊಳಗ ಹೊತ್ತು ಪಂಕ್ತಿ ತುಂಬಾ ಓಡಾಡ್ತಿದ್ರು. ಸೊಂಟ ಬಿಗದಿದ್ರ ಬೆನ್ನು ಹೇಳಿದ ಮಾತು ಕೇಳ್ತದ, ಬಾ ಇಲ್ಲೆ" ಎಂದು ಚೀಲ ಹೊರಿಸಿ, ಅದರ ಬುಡವನ್ನೂ ಸೇರಿಸಿ ನನ್ನ ಸೊಂಟಕ್ಕೆ ಬಿಗಿದು ಗಂಟು ಹಾಕಿದಳು. ಹೆಗಲ ಮೇಲಿಂದ ಯಾರೋ ಇಳಿದು ಹೋದ ಹಾಗಾಯಿತು. ಅಂಗಳದಲ್ಲಿ ನಡೆದೆ, ಓಣಿಯಲ್ಲಿ ನಡೆದೆ, ಜೋಮು ಬರಲಿಲ್ಲ. ನನಗಾದ ಸಂತೋಷಕ್ಕೆ ಅಮ್ಮನ ಕಾಲಿಗೆ ಬೀಳಲು ಹೋದೆ. ಚೀಲ ಬಿಡಲಿಲ್ಲ.

ಸಂಡೂರಿನ ಗುಡ್ಡಗಳಲ್ಲಿ ಎರಡು ದಿನ ನಡೆದೆ. ನನ್ನ ಚೀಲವನ್ನು ನಾನೇ ಹೊತ್ತೆ. ತುದಿಯಲ್ಲಿ ನಿಂತು, ಕೆಳಗೆ ಹಸಿರು ಕಣಿವೆಯನ್ನು ನೋಡುತ್ತ, ನಾನು ಇಷ್ಟು ದಿನ ಕುರ್ಚಿಯಲ್ಲಿ ಏನು ಮಾಡುತ್ತಿದ್ದೆ ಎಂದು ಮನಸಾರೆ ಬೈದುಕೊಂಡೆ. ಬಸವರಾಜ ಅಲ್ಲಿಯೇ ಫೋಟೊ ತೆಗೆದು ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಕೆಂಪು ಮಣ್ಣು ಮೆತ್ತಿದ ಅಪ್ಪನ ಪಂಚೆ ಸೊಂಟಕ್ಕೆ ಬಿಗಿದು ಬೆವರಿ ನಿಂತ ನನ್ನನ್ನು ಯಾರೂ ಪರ್ವತಾರೋಹಿ ಎನ್ನಲಿಲ್ಲ. ಸೋಮವಾರ ಊಟದ ಹೊತ್ತಿಗೆ ನಾನು ಒಳಗೆ ಬರುತ್ತಿದ್ದಂತೆ ಎಲ್ಲರೂ ಡಬ್ಬಿಯ ಮುಚ್ಚಳ ಮುಂದೆ ಮಾಡಿ, "ಸರ್, ಈ ಕಡೆ ಸಾರು ಬಂದಿಲ್ಲ" ಎಂದರು.

ಬೆನ್ನಿನಲ್ಲಿ ಸ್ವಲ್ಪ ಬಿಗಿತ ಇನ್ನೂ ಉಳಿದಿತ್ತು. ಅಮ್ಮ ತಾನಾಗಿಯೇ, "ಬೆಳಗ್ಗೆ ಒಂದಿಷ್ಟು ಹೊತ್ತು ನನ್ನ ಬೆಲ್ಟು ಕಟ್ಟಿಕೊಂಡು ನೆಟ್ಟಗ ಕೂಡು, ಹೋಗ್ತದ. ಆದ್ರ ಸ್ನಾನ ಮಾಡಿ ಮಡೀಲೆ ಕಟ್ಕೋಬೇಕು" ಎಂದಳು. ಇಷ್ಟು ಉಪಕಾರ ಮಾಡಿದವಳ ಮಾತು ಹೇಗೆ ಮೀರಲಿ? ಸ್ನಾನ ಮಾಡಿ, ಮಡಿ ಉಟ್ಟು, ಬೆಲ್ಟು ಬಿಗಿದು ಕೂತೆ. "ಮಡೀಲೆ ಕುಂತೀದಿ, ಸುಮ್ಮನ ಗೋಡಿ ಏನ್ ನೋಡ್ತಿ? ದೇವರ ಪೆಟಗಿ ಎದುರಿಗೇ ಅದ" ಎಂದು ಗಂಧದ ಬಟ್ಟಲನ್ನು ನನ್ನ ಮುಂದೆ ಸರಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ದೇವರ ಪೂಜೆ ದಿನಾ ಸಾಂಗವಾಗಿ ನಡೆಯುತ್ತಿದೆ. ಬೆನ್ನಿನ ಬಿಗಿತ, ಜೋಮು ಎರಡೂ ಪೂರ್ತಿ ಹೋಗಿವೆ. ಈಗ ಚಕ್ಕಳಮಕ್ಕಳ ಹಾಕಿ ಅಷ್ಟು ಹೊತ್ತು ಕೂತು ಏಳುವಾಗ ಎರಡೂ ಕಾಲಿಗೆ ಜೋಮು ಹಿಡಿಯುತ್ತದೆ. ನಿನ್ನೆ ಗೋಡೆ ಹಿಡಿದು, ಹರಿವಾಯುಗಳನ್ನು ನೆನೆದು ಎದ್ದದ್ದನ್ನು ಕಂಡು ಅಮ್ಮ, "ಕಾಲಿಗೂ ಏನರ ಬೆಲ್ಟು ಬರ್ತದೇನೋ ತರಿಸಿ ನೋಡೋ" ಎಂದಳು. ನಾನು ಕೇಳಿಸದವನಂತೆ ಜೋರಾಗಿ ಗಂಟೆ ಬಾರಿಸಿದೆ.