ಮೂವತ್ತೆಂಟು ಜೋಡಿ ಕೈ

ಹಿರೇನಲ್ಲೂರಿನ 'ನಮ್ಮ ಬೀದಿ' ವಾಟ್ಸಾಪ್ ಗುಂಪಿಗೆ ಬೆಳಗ್ಗೆ ಯಾರೋ ಒಂದು ಆಡಿಯೊ ಹಾಕಿದ್ದರು. "ಅವರ ಮನೆಗಳಿಗೆ ಬೆಂಕಿ ಹಚ್ಚಿ, ಒಬ್ಬರನ್ನೂ ಉಳಿಸಬೇಡಿ" ಎಂದು ಅದರಲ್ಲಿ ಒಂದು ಗಂಟಲು ಕಿರುಚುತ್ತಿತ್ತು. ಹನ್ನೊಂದಕ್ಕೆ ಗುಂಪಿನ ಅಡ್ಮಿನ್ ಹೊನ್ನೇಶ್ ಮೇಷ್ಟ್ರಿಗೆ ಕಡೂರಿನಿಂದ ಎಸ್‌ಐ ಫೋನ್ ಮಾಡಿದರು.

"ಹಾಕಿದೋನನ್ನ ನಾವು ಹುಡುಕ್ತೀವಿ. ಬೆಂಬಲ ಕೊಟ್ಟೋರ ಪಟ್ಟಿ ಐದು ಗಂಟೆಗೆ ತನ್ನಿ. ಇಲ್ಲಾಂದ್ರೆ ನಿಮ್ಮ ಮೇಲೇ ಕೇಸು."

"ಬೆಂಬಲ ಅಂದ್ರೆ ಯಾವ್ದು ಸಾರ್?"

"ಹೊಡೀರಿ ಬಡೀರಿ ಅನ್ನೋರಿಗೆ ಸೈ ಅನ್ನೋದು, ಜಾಗ ಕೊಡೋದು, ಬೇಡ ಅಂದೋರ ಬಾಯಿ ಮುಚ್ಸೋದು. ಮೂರೂ ಬರ್ಕೊಳಿ."

ಬರೆದುಕೊಂಡು ಗುಂಪು ತೆರೆದರೆ ಆಡಿಯೊದ ಕೆಳಗೆ ಮೂವತ್ತೆಂಟು ಜೋಡಿ ಮುಗಿದ ಕೈ. ಎದುರುಮನೆ ಕಾಮಾಕ್ಷಮ್ಮ ಅವರೆಕಾಯಿ ಬಿಡಿಸುತ್ತಿದ್ದ ರಭಸವೂ ಯಾಕೋ ಸರಿಯಿಲ್ಲ ಅನ್ನಿಸಿತು.

"ಬೆಂಕಿ ಹಚ್ಚಿ ಅಂದ್ರೆ ಕೈ ಮುಗ್ದಿದ್ದೀರಲ್ಲ ಕಾಮಾಕ್ಷಮ್ಮ?"

"ಅದನ್ಯಾರು ಕೇಳಿದ್ರಪ್ಪ? ಬೆಳಗ್ಗೆ ಯಾರೇನ್ ಕಳ್ಸಿದ್ರೂ ಮುಗಿಯೋದೇ. ಆ ಮುದ್ದಪ್ಪನ ಸೊಸೆ ಹಾಕಿದ್ದ ದೇವ್ರ ಫೋಟೋಕ್ಕೆ ಒಂದಿನ ಮುಗೀಲಿಲ್ಲ ಅಂತ ಮೂರು ತಿಂಗ್ಳು ಮಜ್ಜಿಗೆ ಕೊಡ್ಲಿಲ್ಲ ಅವ್ಳು."

ಮುದ್ದಪ್ಪನದೂ ಅದೇ ರಾಗ. "ಮೊದ್ಲು ಯಾರೋ ಮುಗ್ದಿರ್ತಾರೆ ಮೇಷ್ಟ್ರೇ, ಹಿಂದಿಂದೆ ನಾವು."

ಕೈ ಮುಗಿಯದವನು ಒಬ್ಬನೇ, ಮೊಬೈಲ್ ರಿಪೇರಿಯ ದುಶ್ಯಂತ. ಬೆಳಗ್ಗೆ ಅವನೇನೋ ತಕರಾರು ಬರೆದಿದ್ದನ್ನು ಮೇಷ್ಟ್ರು ಓದದೆಯೇ ಅಳಿಸಿ, ಅವನನ್ನು ಗುಂಪಿನಿಂದ ಹೊರಹಾಕಿದ್ದರು. ಈಗ ಅಂಗಡಿಗೂ ಬೀಗ. ಇವನೇ ಕಳ್ಳ ಎಂದು ಅವನ ಹೆಸರನ್ನು ಪಟ್ಟಿಯ ಮೊದಲಿಗೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಐದಕ್ಕೆ ಠಾಣೆ ಮುಟ್ಟಿದರು.

ದುಶ್ಯಂತ ಅಲ್ಲೇ ಬೆಂಚಿನ ಮೇಲೆ ಟೀ ಕುಡಿಯುತ್ತ ಕೂತಿದ್ದ.

"ಆಗ್ಲೇ ಹಿಡ್ಕಂಬಂದ್ರಾ ಸಾರ್?" ಎಂದರು ಮೇಷ್ಟ್ರು, ನೆಮ್ಮದಿಯಿಂದ.

"ಕಂಪ್ಲೇಂಟ್ ಕೊಟ್ಟಿದ್ದೇ ಇವ್ರು. ಆಡಿಯೊ ತೆಗೀರಿ ಅಂದಿದ್ದಕ್ಕೆ ಹೊರಗೆ ಹಾಕಿದ್ರಂತೆ." ಎಸ್‌ಐ ಮೇಷ್ಟ್ರ ಫೋನನ್ನೇ ಇಸಿದುಕೊಂಡು ಪಟ್ಟಿಯೊಂದಿಗೆ ತಾಳೆ ನೋಡಿದರು. "ಮೂವತ್ತೇಳು ಕೈಗೆ ಹೆಸರಿದೆ. ಎಲ್ಲಕ್ಕಿಂತ ಮೊದಲು, ಬಲಗಡೆ, ಹೆಸರಿಲ್ಲದ್ದು ಒಂದಿದೆಯಲ್ಲ, ಯಾರದಿದು?"

ತಮ್ಮ ಫೋನಿನಲ್ಲಿ ತಮ್ಮ ಹೆಸರು ಬೀಳುವುದಿಲ್ಲವೆಂದು ಮೇಷ್ಟ್ರಿಗೆ ಆಗ ಹೊಳೆಯಿತು.

"ಅಭ್ಯಾಸ ಸಾರ್. ಆರೂವರೆಗೆ ಎದ್ದ ತಕ್ಷಣ..."

"ಬರ್ಕೊಂಡಿದ್ರಲ್ಲ ಮೂರು, ಒಂದ್ಸಲ ಓದಿ."

ಮೇಷ್ಟ್ರು ಓದಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಧ್ವನಿ ಹಿಂದಿನ ಬೆಂಚಿನ ಹುಡುಗನಂತೆ ತಗ್ಗಿತ್ತು.

"ಊರೋರು ಯಾರಾದ್ರೂ ಬಂದು ನಿಮ್ಮ ಪರ ಹೇಳ್ಲಿ, ನೋಡೋಣ" ಎಂದು ಎಸ್‌ಐ ಫೋನ್ ವಾಪಸ್ ಕೊಟ್ಟರು.

ಮೇಷ್ಟ್ರು ಗುಂಪಿಗೆ ಬರೆದರು: "ನನ್ನ ಮೇಲೆ ಕೇಸಾಗುತ್ತಿದೆ. ದಯವಿಟ್ಟು ಯಾರಾದರೂ ಬೇಗ ಠಾಣೆಗೆ ಬನ್ನಿ."

ನಿಮಿಷದೊಳಗೆ ಕಾಮಾಕ್ಷಮ್ಮ ಕೈ ಮುಗಿದರು. ಹಿಂದೆಯೇ ಮುದ್ದಪ್ಪ. ಆಮೇಲೆ ಉಳಿದ ಮೂವತ್ತೈದು ಜನ.