ಐದು ಮೈಲಿ ನಡೆದ ಇಲಿ

ತಿಳಿದವರೊಬ್ಬರು ತಿಳಿದ ಮಾತನ್ನು ಆಫೀಸಿಗೆ ಹೇಳಿದರೆ ಅದಕ್ಕೆ ಏನೇನು ಗತಿಯಾಗುತ್ತದೆ ಎಂಬುದನ್ನು, ಜಯನಗರದಲ್ಲಿ ದವಸದ ಅಂಗಡಿ ಇಟ್ಟಾಗಿನಿಂದ ನೋಡುತ್ತಲೇ ಬಂದಿದ್ದೇನೆ. ಕೇಳಿದವರು ನಗುತ್ತಾರೆ. ನನಗೆ ಇವತ್ತಿಗೂ ಮೈ ಉರಿಯುತ್ತದೆ.

೧. ಯಾರ ಇಲಿ?

ಅರವತ್ತರ ದಶಕದ ಮೊದಲ ವರ್ಷಗಳು. ಬಡಾವಣೆ ಹೊಸದು, ರಸ್ತೆ ಹೊಸದು. ನನ್ನ ಅಂಗಡಿಯ ಹಿಂದಿನ ತಿಪ್ಪೆ ಮಾತ್ರ ಆಗಲೇ ಹಳೆಯದಾಗಿತ್ತು. ಬಡಾವಣೆಯ ಕಸವೆಲ್ಲ ಕಾರ್ಪೊರೇಷನ್ ಆಫೀಸಿನವರೇ ತಂದು ಸುರಿಯುವ ಜಾಗ ಅದು. ಅದಕ್ಕೆ ಬೆನ್ನು ತಾಗಿಸಿಕೊಂಡು ನಮ್ಮ ಹಮಾಲಿಯ ಗುಡಿಸಲು. ಅವನ ಹೆಂಡತಿ ಆಗತಾನೆ ಹೆತ್ತಿದ್ದಳು. ಸೀರೆಯ ಜೋಲಿಯಲ್ಲಿ ಹೆಣ್ಣು ಕೂಸು, ಜೋಲಿಯ ಮೇಲಿನ ತೊಲೆಯಲ್ಲಿ ಇಲಿ.

ಪ್ರಾಣಿಗಳಿಂದ ಮನುಷ್ಯರಿಗೆ ಹತ್ತುವ ರೋಗಗಳನ್ನು ಓದಿಕೊಂಡ ಡಾಕ್ಟರೊಬ್ಬರು ಆಗಲೇ ನನ್ನ ಅಂಗಡಿಗೆ ಬಂದರು. ಇಲಿ ಹಿಡಿದು, ಅದರ ಮೈಯ ಚಿಗಟ ಬಾಚಿ ಸೀಸೆಗೆ ತುಂಬುವುದು ಅವರ ಕೆಲಸ. ಈಗ ಪ್ಲೇಗಿಲ್ಲ, ಆದರೆ ಬಂದರೆ ಇಲಿಯಿಂದ ಚಿಗಟ, ಚಿಗಟದಿಂದ ಮನುಷ್ಯ, ಮೊದಲ ಮನೆ ಆ ಗುಡಿಸಲು ಎಂದರು. ಮಾಡಬೇಕಾದ್ದನ್ನು ನಾಲ್ಕು ಸಾಲಿನಲ್ಲಿ ಬರೆದರು. ಮೂಟೆಗಳನ್ನು ಹಲಗೆಯ ಮೇಲಿಡಿ, ಬಿಲಗಳಿಗೆ ಗಾಜಿನ ಚೂರು ತುಂಬಿ ಗಾರೆ ಮಾಡಿ, ಬಾಗಿಲಿಗೆ ತಗಡು ಹೊಡೆಯಿರಿ, ತಿಪ್ಪೆ ಎತ್ತಿಸಿ. ಮೊದಲ ಮೂರನ್ನು ನಾನು ಒಂದೇ ವಾರದಲ್ಲಿ ಮುಗಿಸಿದೆ. ನಾಲ್ಕನೆಯದು ಆಫೀಸಿನದು. ಡಾಕ್ಟರು ಅಲ್ಲಿಗೆ ಕಾಗದ ಬರೆದರು.

ಮಳೆಗಾಲ ಒಂದು ಕಳೆದ ಮೇಲೆ ಆಫೀಸಿನ ದೊಡ್ಡ ಸಾಹೇಬರೇ ಅಂಗಡಿಗೆ ಬಂದರು. ತಿಪ್ಪೆ ಎತ್ತಿಸುವುದಕ್ಕೆ ಬಂದರೇನೋ ಅಂದುಕೊಂಡೆ. ಅಲ್ಲ, ವಿಚಾರಣೆಗೆ. ಸದರಿ ಇಲಿಗಳು ಅಂಗಡಿಯವೋ ತಿಪ್ಪೆಯವೋ? ಅಂಗಡಿಯವಾದರೆ ಜವಾಬ್ದಾರಿ ನನ್ನದು, ತಿಪ್ಪೆಯವಾದರೆ ಬೇರೆ ಸೆಕ್ಷನ್ನಿನದು.

“ಊಟ ನನ್ನಲ್ಲಿ, ವಾಸ ನಿಮ್ಮಲ್ಲಿ, ಸಾರ್,” ಅಂದೆ.

ಅದನ್ನೂ ಬರೆದುಕೊಂಡರು.

೨. ಗೋಡೆಯ ಮೇಲಿನ ಇಲಿ

ಆಮೇಲೆ ಮೀಟಿಂಗು. ವರ್ತಕರ ಪರವಾಗಿ ನನ್ನನ್ನೂ ಕರೆದಿದ್ದರು. ಡಾಕ್ಟರು ಎದ್ದು ನಾಲ್ಕು ಸಾಲು ಓದಿ ಕುಳಿತರು. ಇನ್ನೂ ಇರಬಹುದೆಂದು ಎಲ್ಲರೂ ಕಾದರು. ನಾಲ್ಕು ಸಾಲಿಗೆ ಪಾಲಿಸಿ ಎನ್ನಲಾಗುವುದಿಲ್ಲ, ಮೊದಲು ಜನರಲ್ಲಿ ತಿಳಿವಳಿಕೆ ಮೂಡಬೇಕು ಎಂದರು ಸಾಹೇಬರು. ತಿಳಿವಳಿಕೆ ಮೂಡಿಸಲು ಇಲಿಯ ಚಿತ್ರವಿರುವ ಪೋಸ್ಟರು ಎಂದು ತೀರ್ಮಾನವಾಯಿತು. ತಿಪ್ಪೆಯ ಮಾತನ್ನು ಕಾಫಿ ಬಂದ ಮೇಲೆ ಯಾರೂ ಎತ್ತಲಿಲ್ಲ.

ಚಿತ್ರ ಬರೆಯುವ ಕೆಲಸ ಸಿಕ್ಕಿದ್ದು ಗಣೇಶನ ಚಿತ್ರ ಬರೆದೇ ಕೈ ಪಳಗಿದ ಪೇಂಟರಿಗೆ. ಅವನಿಗೆ ಗೊತ್ತಿದ್ದ ಇಲಿ ಒಂದೇ. ದುಂಡಗೆ, ಕೈ ಮುಗಿದು, ಭಕ್ತಿಯಿಂದ ಮೇಲೆ ನೋಡುವ ಇಲಿ. ಕೆಳಗೆ ‘ಎಚ್ಚರಿಕೆ’ ಎಂದು ಕೆಂಪಕ್ಷರ. ನನ್ನ ಅಂಗಡಿಯ ಗೋಡೆಗೇ ಅಂಟಿಸಿದರು.

ಮಾರನೆಯ ಬೆಳಿಗ್ಗೆ ಹೆಸರುಬೇಳೆಗೆ ಬಂದ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು, ಇಲಿಯ ಹಣೆಗೆ ಕುಂಕುಮ ಹಚ್ಚಿ, ನನ್ನ ತಟ್ಟೆಯಿಂದಲೇ ಎರಡು ಕಾಳು ಕಡಲೆ ಎತ್ತಿ ಅದರ ಮುಂದಿಟ್ಟು ಹೋದರು. ಸಂಜೆಯ ಹೊತ್ತಿಗೆ ಕಡಲೆ ಇರಲಿಲ್ಲ. ಯಾರು ತಿಂದರೆಂದು ಬೇರೆ ಹೇಳಬೇಕೆ?

೩. ಕೆಂಪು ಬಾಲ

ಹಮಾಲಿ ವಾರಕ್ಕೊಮ್ಮೆ ಕೇಳುತ್ತಿದ್ದ, ತಿಪ್ಪೆ ಎತ್ತುತ್ತಾರಾ ಸಾವ್ಕಾರ್ರೇ ಅಂತ. ಎತ್ತುತ್ತಾರೆ ಅನ್ನುತ್ತಿದ್ದೆ. ಹೇಳುವಾಗ ನನ್ನ ಮೇಲೆ ನನಗೇ ಸಿಟ್ಟು.

ಆಫೀಸಿಗೆ ಈಗ ಹೊಸ ಅನುಮಾನ. ತಿಪ್ಪೆಯನ್ನು ಒಂದು ಫರ್ಲಾಂಗು ಆಚೆ ಹಾಕಿದರೆ ಇಲಿ ಅಲ್ಲಿಂದ ನಡೆದು ಬಂದರೆ? ಇಲಿ ಎಷ್ಟು ದೂರ ನಡೆಯುತ್ತದೆಂದು ಮೊದಲು ತಿಳಿಯಬೇಕಂತೆ. ಡಾಕ್ಟರು ತಿಪ್ಪೆಯ ಇಲಿಗಳ ಬಾಲಕ್ಕೆ ಕೆಂಪು ಬಣ್ಣ ಬಳಿದು ಬಿಟ್ಟರು. ಅಂಗಡಿಗಳಿಗೆಲ್ಲ ಬೋನು ಹಂಚಿದರು. ಕೆಂಪು ಬಾಲ ಸಿಕ್ಕರೆ ತಿಳಿಸಬೇಕು.

ಸಿಕ್ಕಿತು. ಉತ್ತರಹಳ್ಳಿಯ ಹುಲ್ಲಿನ ಬಣವೆಯಲ್ಲಿ. ಐದು ಮೈಲಿ. ಆಫೀಸಿನಲ್ಲಿ ಹಬ್ಬ. ಐದು ಮೈಲಿ ನಡೆಯುವ ಪ್ರಾಣಿಗೆ ಒಂದು ಫರ್ಲಾಂಗು ಯಾವ ಲೆಕ್ಕ, ಆದ್ದರಿಂದ ತಿಪ್ಪೆ ಇದ್ದಲ್ಲೇ ಇರತಕ್ಕದ್ದು ಎಂದು ಆರ್ಡರಾಯಿತು.

ಇಲಿ ಹೋದ ಬಗೆ ನನಗೆ ಗೊತ್ತಿತ್ತು. ನಮ್ಮ ಬೀದಿಯಲ್ಲಿ ಬೋನಿಗೆ ಬಿದ್ದ ಇಲಿಯನ್ನು ಯಾರೂ ಕೊಲ್ಲುವುದಿಲ್ಲ. ಗಣಪತಿಯ ವಾಹನ. ದೂರ ಒಯ್ದು ಬಿಟ್ಟು ಬರುತ್ತೇವೆ. ನನ್ನ ಬೋನಿನವು, ಅವರೆಕಾಯಿ ತರುತ್ತಿದ್ದ ಉತ್ತರಹಳ್ಳಿ ರೈತನ ಖಾಲಿ ಗಾಡಿಯಲ್ಲಿ ಹೋಗುತ್ತಿದ್ದವು. ಬಾಲದ ಬಣ್ಣ ಮುಸ್ಸಂಜೆಯಲ್ಲಿ ಯಾರು ನೋಡುತ್ತಾರೆ?

ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿದೆ. ಅವರು ತಲೆ ಹಿಡಿದು ಕುಳಿತರು. ಇಬ್ಬರೂ ಸಾಹೇಬರ ಹತ್ತಿರ ಹೋದೆವು. ನಡೆದದ್ದು ಇಲಿಯಲ್ಲ, ಎತ್ತು ಎಂದು ಬಿಡಿಸಿ ಹೇಳಿದೆ. ಸಾಹೇಬರು ಶಾಂತವಾಗಿ ಕೇಳಿದರು.

“ನೀವು ಹೇಳೋದು ನಿಜ ಇರಬಹುದು ಶೆಟ್ಟರೇ. ಆದರೆ ಆರ್ಡರ್ ಪ್ರಕಾರ ಇಲಿ ನಡೆದಿದೆ.”

೪. ಅರ್ಧ ಮೈಲಿ

ಜೋಲಿಯಲ್ಲಿದ್ದ ಕೂಸು ಆಗ ಅಂಬೆಗಾಲಿಟ್ಟು ತಿಪ್ಪೆಯ ಕಡೆಗೇ ಹೊರಡುತ್ತಿತ್ತು. ಅದರ ಸೊಂಟಕ್ಕೆ ಸೀರೆಯ ಅಂಚು ಕಟ್ಟಿ ಕಂಬಕ್ಕೆ ಬಿಗಿದು ತಾಯಿ ಕೂಲಿಗೆ ಹೋಗುತ್ತಿದ್ದಳು. ಸಾಹೇಬರು ಅಂದದ್ದನ್ನು ಹಮಾಲಿಗೆ ಇದ್ದ ಹಾಗೇ ಹೇಳಿದೆ. ಅವನು ನನ್ನ ಬೋನನ್ನು ಕೈಗೆತ್ತಿಕೊಂಡ. ಇಲಿ ಬಿಟ್ಟು ಬರುವ ಕೆಲಸ ಇನ್ನು ಮೇಲೆ ನನಗಿರಲಿ ಅಂದ. ಬೀದಿಯವರೆಲ್ಲ ಬೋನುಗಳನ್ನು ಅವನಿಗೇ ಕೊಟ್ಟರು.

ಎಂಟು ದಿನ ಕಳೆಯಿತು. ಒಂಬತ್ತನೆಯ ಬೆಳಿಗ್ಗೆ ಎರಡು ಲಾರಿ ಬಂದವು. ಹಿಂದೆ ಸಾಹೇಬರು, ಕಣ್ಣು ಕೆಂಪಗೆ, ಮೂಗಿಗೆ ಕರ್ಚೀಫು. ಎಷ್ಟೋ ಮಳೆ ಕಂಡಿದ್ದ ತಿಪ್ಪೆ ಮಧ್ಯಾಹ್ನದೊಳಗೆ ಖಾಲಿ. ಆರ್ಡರು ಏನಾಯಿತೆಂದು ನಾನು ಕೇಳಲಿಲ್ಲ.

ಹೊರಡುವ ಮುಂಚೆ ಸಾಹೇಬರು ಹಮಾಲಿಯನ್ನು ಕರೆದರು. ಅವರ ಮನೆಯ ಅಡಿಗೆಮನೆಯಲ್ಲಿ, ದೇವರಮನೆಯಲ್ಲಿ, ಕೊನೆಗೆ ಮಂಚದ ಕೆಳಗೂ ಕೆಂಪು ಬಾಲದ ಇಲಿಗಳಂತೆ. ಅವು ಹೇಗೆ ಬಂದವು ಎಂದು ಗದರಿದರು.

ಹಮಾಲಿ ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು ವಿನಯವಾಗಿ ನಿಂತ.

“ಐದು ಮೈಲಿ ನಡೆಯೋ ಇಲಿ, ಬುದ್ಧೀ. ನಿಮ್ಮ ಮನೆ ಬರೀ ಅರ್ಧ ಮೈಲಿ.”